ಓದು ಕಲಿಸುವವರು ಒಬ್ಬರಿಗೊಬ್ಬರು ಒದಗುವುದು ಹೇಗೆ?

ಪ್ರಶ್ನೆ: ನಾನು ಶಿರಸಿ ಶೈಕ್ಷಣಿಕ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಕೆಲವು ಮಕ್ಕಳಿಗೆ ಓದು ಹತ್ತುತ್ತಲೇ ಇಲ್ಲ. ಕೇಳೋಣ ಅಂದ್ರೆ ಅಕ್ಕಪಕ್ಕ ಯಾರೂ ಇಲ್ಲ. ಸುತ್ತಲಿನ ಶಾಲೆಗಳು ಸೇರಿದ ಕ್ಲಸ್ಟರಿನ ವಾಟ್ಸಾಪ್ ಗುಂಪಿದೆ. ಅಲ್ಲಿ ಸುತ್ತೋಲೆ, ಮಾಹಿತಿ ತುಂಬುವ ನಮೂನೆ, ಶುಭೋದಯ ಬಿಟ್ಟರೆ ಬೇರೇನಿಲ್ಲ. 'ನನ್ನ ತರಗತಿಯ ಮಗುವಿಗೆ ಓದು ಬರುತ್ತಿಲ್ಲ' ಎಂದು ಅಲ್ಲಿ ಬರೆಯಲು ಧೈರ್ಯ ಬರುವುದಿಲ್ಲ. ನನ್ನ ಜೊತೆ ಡಿ.ಎಡ್. ಮಾಡಿದ ಗೆಳತಿಯರು ಕಾರವಾರ, ಅಂಕೋಲಾ, ಜೋಯಿಡಾ ಕಡೆ ಕೆಲಸ ಮಾಡುತ್ತಿದ್ದಾರೆ. ನಾವೇ ಒಂದು ಆನ್‌ಲೈನ್ ಬಳಗ ಕಟ್ಟೋಣ ಅಂತಿದ್ದೇವೆ. ಎರಡು ತಿಂಗಳಿಗೆ ತಣ್ಣಗಾಗದ ಹಾಗೆ ನಡೆಸುವುದು ಹೇಗೆ?

ಉತ್ತರ: ಅಕ್ಕೋರೆ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು 'ಧೈರ್ಯ ಬರುವುದಿಲ್ಲ' ಅನ್ನೋದು. ಬಳಗಕ್ಕೆ ಯಾವ ಆ್ಯಪ್, ಎಷ್ಟು ಜನ, ಯಾವ ನಿಯಮ ಎಂಬ ಪ್ರಶ್ನೆಗಳೆಲ್ಲ ಅದರ ನಂತರದವು. ಓದು ಬಾರದ ಮಗುವಿನ ಬಗ್ಗೆ ಅಂಜಿಕೆಯಿಲ್ಲದೆ ಹೇಳಿಕೊಳ್ಳಲು ಆಗುವ ಜಾಗ ನಿಮಗೆ ಬೇಕಾಗಿದೆ. ಅಂಥ ಜಾಗ ತಾನಾಗಿ ಆಗುವುದಿಲ್ಲ, ಮಾಡಬೇಕು.

ಕ್ಲಸ್ಟರಿನ ಗುಂಪನ್ನು ಸರಿಪಡಿಸಲು ಹೋಗಬೇಡಿ. ಅದರ ಕೆಲಸವೇ ಬೇರೆ. ಮಕ್ಕಳ ಮಾಹಿತಿ ತುಂಬುವ ಎಸ್.ಎ.ಟಿ.ಎಸ್. ಎಂಟ್ರಿ, ಬಿಸಿಯೂಟದ ಲೆಕ್ಕ, ಮೊಟ್ಟೆಯ ವಿವರ, ನಾಳೆಯ ಸಭೆ ಇವೆಲ್ಲ ಎಲ್ಲಾದರೂ ಬರಲೇಬೇಕಲ್ವಾ? ಅಲ್ಲಿ ಕ್ಲಸ್ಟರ್ ನೋಡಿಕೊಳ್ಳುವ ಸಿ.ಆರ್.ಪಿ. ಇರುತ್ತಾರೆ, ಕೆಲವೊಮ್ಮೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.) ಕಚೇರಿಯವರೂ ಇರುತ್ತಾರೆ. ಅವರು ಒಳ್ಳೆಯವರೇ ಇರಬಹುದು. ಆದರೂ ಮೇಲಿನವರು ಓದುತ್ತಿದ್ದಾರೆ ಎಂದಾಗ 'ನನ್ನಲ್ಲಿ ಐದು ಮಕ್ಕಳಿಗೆ ಪದ ಓದಲು ಬರುವುದಿಲ್ಲ' ಎಂಬ ಮಾತು ಸಹಾಯ ಕೇಳಿದ ಹಾಗೆ ಕೇಳಿಸುವುದಿಲ್ಲ, ವರದಿ ಆಗಿಬಿಡುತ್ತದೆ. 2021ರಲ್ಲಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಶುರುವಾಯಿತು. 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ಮಾಡಿಕೊಂಡು ಓದಲು ಬರಬೇಕು ಎಂಬುದು ಅದರ ಗುರಿ. ಗುರಿ ಒಳ್ಳೆಯದೇ. ಆದರೆ ಗುರಿಯ ಒತ್ತಡ ಜಾಸ್ತಿ ಆದಾಗ 'ಎಲ್ಲ ಮಕ್ಕಳೂ ಓದುತ್ತಾರೆ' ಎಂದು ಹೇಳುವುದೇ ಸುಲಭ ಅನಿಸುತ್ತದೆ. ಆಗ ಓದಲು ಬಾರದ ಮಗು ಕಾಗದದಲ್ಲೇ ಕಾಣೆಯಾಗುತ್ತದೆ. ಆದ್ದರಿಂದ ನಿಮ್ಮ ಬಳಗದಲ್ಲಿ ಅಧಿಕಾರಿಗಳು ಬೇಡ. ಒಳ್ಳೆಯ ಸಿ.ಆರ್.ಪಿ. ಒಬ್ಬರು ಗೊತ್ತಿದ್ದರೆ ಯಾವುದಾದರೂ ವಿಷಯ ತಿಳಿಸಿಕೊಡಲು ಒಂದು ದಿನಕ್ಕೆ ಕರೆಯಿರಿ. ಸದಸ್ಯರಾಗಿ ಮಾತ್ರ ಬೇಡ.

ಜನ ಎಷ್ಟಿರಬೇಕು? ವಾಟ್ಸಾಪ್ ಒಂದು ಗುಂಪಿಗೆ 1024 ಜನರನ್ನು ಸೇರಿಸಲು ಬಿಡುತ್ತದೆ. ನಿಮಗೆ ಹತ್ತು ಹನ್ನೆರಡು ಜನ ಸಾಕು. ಅಷ್ಟು ಜನರಿದ್ದರೆ ಯಾರ ಶಾಲೆ ಹೇಗಿದೆ, ಯಾರ ತರಗತಿಯಲ್ಲಿ ಎಂಥ ಮಕ್ಕಳಿದ್ದಾರೆ ಎಂದು ಎಲ್ಲರಿಗೂ ನೆನಪಿರುತ್ತದೆ. ಇನ್ನೂ ಜಾಸ್ತಿ ಜನ ಬರುತ್ತೇವೆ ಅಂದರೆ ಅವರದೇ ಇನ್ನೊಂದು ಬಳಗ ಕಟ್ಟಲು ನೆರವಾಗಿ.

ಯಾರನ್ನು ಸೇರಿಸಬೇಕು ಎಂಬುದರಲ್ಲಿ ನಿಮಗೆ ಒಂದು ಅನುಕೂಲ ಇದೆ, ನಿಮ್ಮ ಗೆಳತಿಯರು ಘಟ್ಟದ ಮೇಲೂ ಕೆಳಗೂ ಇದ್ದಾರೆ. ನಮ್ಮ ಉತ್ತರ ಕನ್ನಡದಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳು. ಕರಾವಳಿಯ ತಾಲೂಕುಗಳು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ಹಾಗಾಗಿ ಜೋಯಿಡಾದ ಅಕ್ಕೋರೂ ಕಾರವಾರದ ಮಾಸ್ತರೂ ಒಂದೇ ತರಬೇತಿಯಲ್ಲಿ ಅಕ್ಕಪಕ್ಕ ಕೂರುವುದು ಅಪರೂಪ. ಆದರೆ ಅವರ ತರಗತಿಗಳನ್ನು ನೋಡಿ. ಜೋಯಿಡಾದ ಕುಣಬಿ ಮಗು ಮನೆಯಲ್ಲಿ ಕೊಂಕಣಿ ಮಾತಾಡುತ್ತದೆ. ಕಾರವಾರದ ಎಷ್ಟೋ ಮಕ್ಕಳೂ ಹಾಗೇ. ಯಲ್ಲಾಪುರ, ಹಳಿಯಾಳ ಕಡೆಯ ಗೌಳಿ ಮಕ್ಕಳದು ಮರಾಠಿಗೆ ಹತ್ತಿರದ ಮಾತು. ಸಿದ್ದಿ ಮಕ್ಕಳ ಮನೆಮಾತಿನಲ್ಲೂ ಕೊಂಕಣಿ ಬೆರೆತಿರುತ್ತದೆ. ಭಟ್ಕಳದಲ್ಲಿ ನವಾಯತಿ ಇದೆ. ನಿಮ್ಮ ಪಕ್ಕದ ಶಾಲೆಯ ಹವ್ಯಕ ಮಕ್ಕಳ ಕಷ್ಟಕ್ಕಿಂತ ಅನಶಿ ಘಟ್ಟದ ಆಚೆಯ ಮಕ್ಕಳ ಕಷ್ಟ ನಿಮ್ಮ ತರಗತಿಗೆ ಹತ್ತಿರ ಇರಬಹುದು. ಆದ್ದರಿಂದ ಕ್ಲಸ್ಟರ್ ನೋಡಿ ಜನರನ್ನು ಸೇರಿಸಬೇಡಿ, ತರಗತಿ ನೋಡಿ ಸೇರಿಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ. 'ಮನೆ' ಎಂಬ ಪದ, ಮೇಲೊಂದು ಮನೆಯ ಚಿತ್ರ ಇರುವ ಕಾರ್ಡನ್ನು ತೋರಿಸಿದಾಗ ಮಗು ಖುಷಿಯಿಂದ 'ಘರ' ಅನ್ನುತ್ತದೆ. ಹೊಸ ಶಿಕ್ಷಕರಿಗೆ ಅದು ತಪ್ಪಾಗಿ ಕಾಣುತ್ತದೆ. ಆದರೆ ಮಗು ಚಿತ್ರವನ್ನು ಸರಿಯಾಗಿಯೇ ಹೇಳಿದೆ, ಅಕ್ಷರದ ಕಡೆ ಇನ್ನೂ ನೋಡಿಲ್ಲ ಅಷ್ಟೇ. ಕೊಂಕಣಿ ಬಲ್ಲ ಕಾರವಾರದ ಶಿಕ್ಷಕಿಗೆ ಇದು ಆ ಕ್ಷಣವೇ ಗೊತ್ತಾಗುತ್ತದೆ. ಮೊದಲು ಮಗುವಿನ ಪದವನ್ನು ಒಪ್ಪಿಕೊಂಡು, ಕನ್ನಡದ ಪದವನ್ನು ಬಾಯಿಮಾತಿನಲ್ಲಿ ಕೆಲವು ದಿನ ಬಳಸಿ, ಚಿತ್ರವಿಲ್ಲದ ಕಾರ್ಡನ್ನು ಆಮೇಲೆ ಕೊಡಬೇಕು ಎಂದು ಅವರು ನಿಮಗೆ ಹೇಳಬಲ್ಲರು.

ಈಗ ಬಳಗದಲ್ಲಿ ಏನು ಮಾತಾಡಬೇಕು ಎಂಬುದಕ್ಕೆ ಬರೋಣ. ನನ್ನ ಪ್ರಕಾರ ಬಳಗದ ಆಯುಸ್ಸು ನಿಂತಿರುವುದೇ ಇದರ ಮೇಲೆ.

'ಮಕ್ಕಳು ಓದುತ್ತಿಲ್ಲ, ಏನು ಮಾಡೋದು?' ಎಂದು ಕೇಳಿದರೆ ಯಾರಿಗೂ ಉತ್ತರ ಕೊಡಲು ಆಗುವುದಿಲ್ಲ. 'ಪಾಲಕರು ಸರಿಯಿಲ್ಲ', 'ಮೊಬೈಲ್ ಜಾಸ್ತಿ ಆಗಿದೆ' ಎಂಬ ಮಾತು ಬರುತ್ತದೆ, ನಾಲ್ಕು ಜನ ಹೌದು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅದರ ಬದಲು ಹೀಗೆ ಕೇಳಿ: 'ಮೂರನೇ ತರಗತಿ ಹುಡುಗಿ. ಕಾಗುಣಿತ ಬರುತ್ತದೆ. ರಾತ್ರಿ ಎಂಬುದನ್ನು ರಾತಿರ ಎಂದು ಓದುತ್ತಾಳೆ. ಸೂರ್ಯ ಎಂಬುದನ್ನು ಸೂಯರ ಅನ್ನುತ್ತಾಳೆ. ಇದಕ್ಕೆ ಏನು ಮಾಡಲಿ?' ಒಂದು ಮಗು, ಒಂದೆರಡು ಪದ, ಮಗು ಓದಿದ ರೀತಿ ಹೇಗಿತ್ತೋ ಹಾಗೇ. ಇಷ್ಟು ಬರೆದರೆ ಸಾಕು, ಓದು ಕಲಿಸಿದ ಯಾರಿಗೇ ಆದರೂ ಬೆರಳು ತಾನಾಗಿ ಉತ್ತರ ಬರೆಯಲು ಹೋಗುತ್ತದೆ.

ಈ ಹುಡುಗಿಯ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅವಳು ಮನಸ್ಸಿಗೆ ಬಂದ ಹಾಗೆ ಓದುತ್ತಿಲ್ಲ. ಕಣ್ಣಿಗೆ ಕಂಡ ಕ್ರಮದಲ್ಲೇ ಓದುತ್ತಿದ್ದಾಳೆ. 'ತ್ರಿ' ಬರೆಯುವಾಗ ಗುಡಿಸು ಇರುವುದು ತಕಾರದ ಮೇಲೆ, ರಕಾರದ ಒತ್ತು ಇರುವುದು ಕೆಳಗೆ. ಕಣ್ಣು ಮೊದಲು 'ತಿ' ಕಾಣುತ್ತದೆ, ಆಮೇಲೆ 'ರ' ಕಾಣುತ್ತದೆ. ಹಾಗಾಗಿ 'ತಿರ'. ಆದರೆ ಉಚ್ಚಾರದಲ್ಲಿ ಇಕಾರ ಒತ್ತಿನ ನಂತರ ಬರಬೇಕು. ಅರ್ಕಾವೊತ್ತಿನದು ಇನ್ನೊಂದು ಗೋಜಲು. 'ಸೂರ್ಯ' ಬರೆಯುವಾಗ ಯಕಾರ ಮೊದಲು, ಅರ್ಕಾವೊತ್ತು ಅದರ ಮುಂದೆ. ಓದುವಾಗ ರಕಾರವೇ ಮೊದಲು ಬರಬೇಕು. ನಮ್ಮ ಲಿಪಿ ಇಲ್ಲಿ ಮಗುವಿಗೆ ಹಿಂದುಮುಂದಾಗಿ ಕಾಣುತ್ತದೆ. ಇದು ತಿಳಿದರೆ ಅವಳನ್ನು ಗದರುವ ಮನಸ್ಸೇ ಬರುವುದಿಲ್ಲ.

ಇಂಥ ಪ್ರಶ್ನೆ ಬಂದರೆ ಬಳಗದಲ್ಲಿ ಏನಾಗಬಹುದು ನೋಡಿ. ಒಬ್ಬರು ಕೇಳುತ್ತಾರೆ: ಅವಳು 'ಅಜ್ಜಿ' ಓದುತ್ತಾಳಾ? 'ಹಕ್ಕಿ'? ಅವನ್ನು ಸರಿಯಾಗಿಯೇ ಓದುತ್ತಾಳೆ ಎಂದು ನೀವು ಹೇಳುತ್ತೀರಿ. ಆಗ ಇನ್ನೊಬ್ಬರಿಗೆ ಹೊಳೆಯುತ್ತದೆ: 'ಅಜ್ಜಿ'ಯ ಕಟ್ಟೂ ಹಾಗೇ ಇದೆಯಲ್ಲ, ಗುಡಿಸು ಮೇಲೆ, ಒತ್ತು ಕೆಳಗೆ! ಅವಳು ಅದನ್ನು 'ಅಜಿಜ' ಎಂದು ಓದುವುದಿಲ್ಲ, ಯಾಕೆಂದರೆ ಅಜ್ಜಿ ಅವಳಿಗೆ ಗೊತ್ತಿರುವ ಪದ. ಹಾಗಾದರೆ ಅಲ್ಲಿಂದಲೇ ಶುರುಮಾಡಿ. ಕಪ್ಪು ಹಲಗೆಯ ಮೇಲೆ ಅಜ್ಜಿ, ಹಕ್ಕಿ, ನಲ್ಲಿ ಬರೆಯಿರಿ. 'ಇಲ್ಲಿ ಕೆಳಗಿನ ಅಕ್ಷರಕ್ಕೆ ಗುಡಿಸು ಸೇರಿಸಿ ಓದಿದೆಯಲ್ಲ, ಇದನ್ನೂ ಹಾಗೇ ಓದು' ಎಂದು ಅದೇ ಸಾಲಿನ ಕೆಳಗೆ ರಾತ್ರಿ ಬರೆಯಿರಿ. ಮೂರನೆಯವರು, ಹೇಳಿಸುವುದಕ್ಕಿಂತ ಬರೆಸಿ ಅನ್ನುತ್ತಾರೆ. 'ತ್' ಆಮೇಲೆ 'ರಿ' ಎಂದು ಬಾಯಲ್ಲಿ ಹೇಳುತ್ತಾ ಬರೆದರೆ ಕೈಗೂ ಕಿವಿಗೂ ಹೊಂದಾಣಿಕೆ ಆಗುತ್ತದೆ. ಅರ್ಕಾವೊತ್ತನ್ನು ಈಗ ಮುಟ್ಟಬೇಡಿ, ಇದು ಗಟ್ಟಿಯಾಗಲಿ ಎಂದು ನಾಲ್ಕನೆಯವರು ತಡೆಯುತ್ತಾರೆ. ಹತ್ತು ನಿಮಿಷದಲ್ಲಿ ನಿಮ್ಮ ಕೈಗೆ ನಾಳೆಯ ಪಾಠ ಬಂತು. ದೊಡ್ಡ ತರಬೇತಿಗಳಲ್ಲಿ ಇದು ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಈ ಹುಡುಗಿಯೇ ಇರುವುದಿಲ್ಲ.

ಬಳಗ ಕೊಡಬೇಕಾದ ಸಮಾಧಾನವೂ ಇಂಥದ್ದೇ. 'ಬೇಸರ ಮಾಡ್ಕೋಬೇಡಿ, ಎಲ್ಲಾ ಸರಿಹೋಗುತ್ತೆ' ಅನ್ನುವುದು ಒಳ್ಳೆಯ ಮಾತು, ಆದರೆ ಮರುದಿನ ತರಗತಿಗೆ ಹೋದಾಗ ಅದು ಕೈಹಿಡಿಯುವುದಿಲ್ಲ. ತಿಳಿವಳಿಕೆಯಿಂದ ಬಂದ ಸಮಾಧಾನ ಕೈಹಿಡಿಯುತ್ತದೆ. ಕನ್ನಡದ ಮಕ್ಕಳು ಓದು ಕಲಿಯುವ ವೇಗದ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರುವುದು ಒಂದು, ಎರಡನೇ ತರಗತಿಗೆ ಮುಗಿಯುವುದಿಲ್ಲ, ಮೂರು, ನಾಲ್ಕನೇ ತರಗತಿಯವರೆಗೂ ನಡೆಯುತ್ತದೆ ಎಂಬುದು ಅದರಿಂದ ಕಂಡುಬಂತು. ಯಾಕೆ ಎಂಬುದು ನಮಗೆಲ್ಲ ಗೊತ್ತೇ ಇದೆ. ವರ್ಣಮಾಲೆಯಲ್ಲಿ 49 ಅಕ್ಷರ ಎಂದು ಹೇಳುತ್ತೇವೆ. ಕಾಗುಣಿತ ಸೇರಿದರೆ ಅದು ನೂರಾರು ಆಗುತ್ತದೆ, ಒತ್ತಕ್ಷರ ಸೇರಿದರೆ ಇನ್ನೂ ಬೆಳೆಯುತ್ತದೆ. ಇಂಗ್ಲಿಷಿನ 26 ಅಕ್ಷರದ ಲೆಕ್ಕದಲ್ಲಿ ನಮ್ಮ ಮಕ್ಕಳನ್ನು ಅಳೆಯಬಾರದು. ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ನಿಮ್ಮ ಸೋಲಲ್ಲ. ಇದನ್ನು ಬಳಗದಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳಿ. ಜೊತೆಗೆ ಇನ್ನೊಂದು ಮಾತು: ನಲಿ-ಕಲಿಯಲ್ಲಿ ಮೊದಲು ಕಲಿಸುವ 'ರ, ಗ, ಸ, ದ, ಅ' ಅಕ್ಷರಗಳನ್ನೇ ಮೂರನೇ ತರಗತಿಯಲ್ಲೂ ತಡವರಿಸುವ ಮಗು ಇದ್ದರೆ 'ತಾನಾಗಿ ಬರುತ್ತದೆ' ಎಂದು ಬಿಡುವ ಹಾಗಿಲ್ಲ. ಅದಕ್ಕೆ ದಿನವೂ ಪ್ರತ್ಯೇಕ ಸಮಯ ಬೇಕು. ಕಣ್ಣು, ಕಿವಿ ತೋರಿಸಿದ್ದಾರಾ ಎಂದೂ ಕೇಳಬೇಕು. ಯಾವ ಮಗುವಿಗೆ ಕಾದರೆ ಸಾಕು, ಯಾವ ಮಗುವಿಗೆ ಕಾಯಬಾರದು ಎಂದು ಗುರುತಿಸಿ ಹೇಳುವ ಒಬ್ಬ ಅನುಭವಿ ಬಳಗದಲ್ಲಿ ಇರಲಿ. ನಿವೃತ್ತರಾದ ಮಾಸ್ತರು ಅಥವಾ ಅಕ್ಕೋರು ಒಬ್ಬರು ಸಿಕ್ಕರೆ ಬಿಡಬೇಡಿ.

ಮಾತಾಡುವಾಗ ಎಲ್ಲರಿಗೂ ಒಂದೇ ಅಳತೆ ಇದ್ದರೆ ಅನುಕೂಲ. ನಿಮ್ಮ 'ಓದಲು ಬರುವುದಿಲ್ಲ' ಮತ್ತು ನಿಮ್ಮ ಗೆಳತಿಯ 'ಓದಲು ಬರುವುದಿಲ್ಲ' ಬೇರೆ ಬೇರೆ ಇರಬಹುದು. ಮಕ್ಕಳ ಕಲಿಕೆಯ ಮಟ್ಟ ತಿಳಿಯಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲಿ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಎಂಬ ಹಂತಗಳಲ್ಲಿ ಓದಿಸಿ ನೋಡುತ್ತಾರೆ. ಅದು ಸರಳವಾಗಿದೆ, ಅದನ್ನೇ ಬಳಸಿ. ಆದರೆ ಯಾರ ಶಾಲೆಯಲ್ಲಿ ಎಷ್ಟು ಮಕ್ಕಳು ಯಾವ ಹಂತದಲ್ಲಿದ್ದಾರೆ ಎಂಬ ಪಟ್ಟಿಯನ್ನು ಬಳಗದಲ್ಲಿ ಎಂದೂ ಹಾಕಬೇಡಿ. ಪಟ್ಟಿ ಬಂದ ದಿನ ಹೋಲಿಕೆ ಬರುತ್ತದೆ, ಹೋಲಿಕೆ ಬಂದ ಮೇಲೆ ಯಾರೂ ನಿಜ ಹೇಳುವುದಿಲ್ಲ.

ಉತ್ತರ ಕೊಡುವವರಿಗೂ ಒಂದೆರಡು ಕಟ್ಟುಪಾಡು ಬೇಕು. 'ನೀವು ಹೀಗೆ ಮಾಡಬೇಕಿತ್ತು' ಎಂದು ಯಾರೂ ಬರೆಯಬಾರದು. ಮೊದಲು ಒಂದು ಪ್ರಶ್ನೆ ಕೇಳಿ, ಆಮೇಲೆ ಸಲಹೆ ಕೊಡಿ. 'ಅಜ್ಜಿ ಓದುತ್ತಾಳಾ?' ಎಂದು ಕೇಳಿದ್ದರಿಂದಲೇ ಮೇಲಿನ ದಾರಿ ತೆರೆದದ್ದು. ಪ್ರತಿ ವಾರ ಇಬ್ಬರ ಪಾಳಿ ಇರಲಿ. ಆ ವಾರ ಯಾರೇ ಏನೇ ಕೇಳಿದರೂ, ಉತ್ತರ ಗೊತ್ತಿಲ್ಲದಿದ್ದರೂ, ಅವರು ಪ್ರತಿಕ್ರಿಯೆ ಕೊಡಲೇಬೇಕು. ಧೈರ್ಯ ಮಾಡಿ ಕೇಳಿದ ಪ್ರಶ್ನೆಗೆ ಒಂದು ದಿನವಿಡೀ ಯಾರೂ ಮಾತಾಡದಿದ್ದರೆ ಕೇಳಿದವರು ಇನ್ನೊಮ್ಮೆ ಕೇಳುವುದಿಲ್ಲ. ಬಳಗ ಸಾಯುವುದು ಜಗಳದಿಂದ ಅಲ್ಲ, ಇಂಥ ಮೌನದಿಂದ.

ಪ್ರಶ್ನೆ ಕೇಳಿದವರು ಮರಳಿ ಬಂದು ಹೇಳಲೇಬೇಕು. ಒಂದೆರಡು ವಾರದ ಮೇಲೆ 'ನೀವು ಹೇಳಿದ ಹಾಗೆ ಮಾಡಿದೆ, ರಾತ್ರಿ ಈಗ ಓದುತ್ತಾಳೆ, ಪತ್ರೆ ಇನ್ನೂ ಓದುವುದಿಲ್ಲ' ಎಂದು ಒಂದು ಸಾಲು. ಉಪಯೋಗ ಆಗಲಿಲ್ಲ ಎಂದಾದರೆ ಅದನ್ನೂ ಹೇಳಿ. ಸಲಹೆ ಕೊಟ್ಟವರಿಗೆ ಅದು ತಲುಪಿದಾಗಲೇ ಅವರು ಮುಂದಿನ ಸಲ ಮನಸ್ಸಿಟ್ಟು ಉತ್ತರಿಸುವುದು. ಹೀಗೆ ಮರಳಿ ಬಂದ ಮಾತುಗಳನ್ನು ಯಾರಾದರೂ ಒಬ್ಬರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಾಟ್ಸಾಪಿನಲ್ಲಿ ಹಿಂದಿನದನ್ನು ಹುಡುಕುವುದು ಕಷ್ಟ. ವರ್ಷದ ಕೊನೆಗೆ ಆ ನೋಟ್‌ಬುಕ್ಕು ನಮ್ಮ ಜಿಲ್ಲೆಯ ಮಕ್ಕಳು ಎಲ್ಲಿ ಎಡವುತ್ತಾರೆ, ಎಲ್ಲಿಂದ ಎದ್ದು ಬರುತ್ತಾರೆ ಎಂದು ಹೇಳುತ್ತದೆ. ಅಂಥ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ.

ಮಗು ಓದುವುದನ್ನು ಧ್ವನಿಮುದ್ರಣ ಮಾಡಿ ಹಾಕಿದರೆ ತುಂಬಾ ಉಪಯೋಗ. ನಾಲ್ಕು ಸಾಲು ಸಾಕು. ಎಲ್ಲಿ ನಿಲ್ಲುತ್ತದೆ, ಎಲ್ಲಿ ಊಹಿಸುತ್ತದೆ, ಎಲ್ಲಿ ಉಸಿರು ಬಿಗಿಹಿಡಿಯುತ್ತದೆ ಎಂಬುದು ಬರಹದಲ್ಲಿ ಗೊತ್ತಾಗುವುದಿಲ್ಲ. ಆದರೆ ಪಾಲಕರನ್ನು ಕೇಳದೆ ಮಾಡಬೇಡಿ. ಮಗುವಿನ ಹೆಸರು, ಮುಖ, ಶಾಲೆಯ ಹೆಸರು ಯಾವುದೂ ಬೇಡ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆ ಕಾನೂನು 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ಕಾನೂನು ಪಕ್ಕಕ್ಕಿರಲಿ, ಸಣ್ಣ ಊರುಗಳಲ್ಲಿ 'ಇವನಿಗೆ ಓದು ಬರುವುದಿಲ್ಲ' ಎಂಬ ಮಾತು ಮಗುವಿಗಿಂತ ಮೊದಲು ಮನೆ ಸೇರುತ್ತದೆ. ಮಾತು ಮುಗಿದ ಮೇಲೆ ಆ ಧ್ವನಿಯನ್ನು ಎಲ್ಲರೂ ಅಳಿಸಬೇಕು. ಬಳಗದ ಯಾವುದನ್ನೂ ಹೊರಗೆ ಫಾರ್ವರ್ಡ್ ಮಾಡಬಾರದು. ಇದನ್ನು ಮೀರಿದವರು ಎಷ್ಟೇ ಬೇಕಾದವರಾದರೂ ಬಳಗದಲ್ಲಿ ಇರಬಾರದು. ಬೇರೆ ವಿಷಯದಲ್ಲಿ ಸಡಿಲ ಇರಬಹುದು, ಇದರಲ್ಲಿ ಬೇಡ.

ನೆಟ್‌ವರ್ಕ್ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಜುಲೈ ತಿಂಗಳಲ್ಲಿ ಘಟ್ಟದ ಕಡೆ ಮಳೆ ಹಿಡಿದರೆ ಕರೆಂಟು ದಿನಗಟ್ಟಲೆ ಇರುವುದಿಲ್ಲ, ಟವರ್ ಕೂಡ ಹೋಗುತ್ತದೆ. ಜೋಯಿಡಾದ ಒಳಗಿನ ಶಾಲೆಗಳಲ್ಲಿ ಸಿಗ್ನಲ್ಲಿಗಾಗಿ ದಿಬ್ಬ ಹತ್ತುವುದು ಬೇಸಿಗೆಯಲ್ಲೂ ಇದ್ದದ್ದೇ. ಆದ್ದರಿಂದ ವಿಡಿಯೋ ಮೀಟಿಂಗಿನ ಆಸೆ ಇಟ್ಟುಕೊಳ್ಳಬೇಡಿ. ಬರಹ, ಚಿಕ್ಕ ಧ್ವನಿ ಸಂದೇಶ, ಮಗುವಿನ ನೋಟ್‌ಬುಕ್ಕಿನ ಒಂದು ಪುಟದ ಫೋಟೋ, ಇಷ್ಟು ಸಾಕು. ಶನಿವಾರ ಬೆಳಗಿನ ಶಾಲೆ ಮುಗಿಸಿ ಪೇಟೆಗೆ ಇಳಿದಾಗ ನೋಡಿ ಉತ್ತರಿಸಿದರೂ ನಡೆಯುತ್ತದೆ. ಕೂಡಲೇ ಉತ್ತರ ಬರಬೇಕು ಎಂಬ ಒತ್ತಡ ದೂರದ ಶಾಲೆಯವರನ್ನು ಬಳಗದಿಂದ ದೂಡಿದ ಹಾಗೆ. ಪಾಳಿಯವರನ್ನು ಆರಿಸುವಾಗ ಮಾತ್ರ ಸಿಗ್ನಲ್ ಇರುವವರನ್ನೇ ಆರಿಸಿ.

ಓದಿಸಲು ಪುಸ್ತಕ ಇಲ್ಲ ಎಂಬ ಮಾತು ಪ್ರತಿ ಬಳಗದಲ್ಲೂ ಬರುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ 2015ರಿಂದ ಕನ್ನಡದ ಮಕ್ಕಳ ಕಥೆಗಳು ಓದಿನ ಹಂತದ ಪ್ರಕಾರ ಉಚಿತವಾಗಿ ಸಿಗುತ್ತವೆ, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬಹುದು. ಆದರೆ ನೂರು ಲಿಂಕ್ ಹಾಕಬೇಡಿ. ಒಬ್ಬರು ಒಂದು ಕಥೆ ಓದಿಸಿ, ಮಕ್ಕಳು ಏನಂದರು ಎಂದು ಬರೆದು, ಆಮೇಲೆ ಆ ಒಂದು ಕಥೆಯನ್ನು ಹಾಕಲಿ.

ಇದೆಲ್ಲ ನಮ್ಮಿಂದ ಆಗುತ್ತಾ ಎಂದು ನಿಮಗೆ ಅನಿಸಿದರೆ, ನೀವು ದಿನವೂ ಬಳಸುವ ನಲಿ-ಕಲಿ ಎಲ್ಲಿಂದ ಬಂತು ನೋಡಿ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಕಲಿಕೆ ನೋಡಿ ಬಂದರು. ಯುನಿಸೆಫ್ ನೆರವಿನಲ್ಲಿ ತಾವೇ ಕೂತು ಕಾರ್ಡು, ಕಲಿಕೆಯ ಏಣಿ, ಅದರ ಮೈಲಿಗಲ್ಲು ಮಾಡಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಕಡೆ ಬಂತು. ಪ್ರೌಢಶಾಲೆಯವರಿಗಾಗಿ 2011ರಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆ ಎಂಬ ಆನ್‌ಲೈನ್ ಬಳಗದಲ್ಲೂ ಶಿಕ್ಷಕರು ಶಿಕ್ಷಕರಿಗೇ ಉತ್ತರ ಹೇಳುತ್ತಿದ್ದರು. ನೀವು ಮಾಡಹೊರಟಿರುವುದು ಕರ್ನಾಟಕದಲ್ಲಿ ಹೊಸದೇನಲ್ಲ. ಚಿಕ್ಕ ಮಕ್ಕಳಿಗೆ ಓದು ಕಲಿಸುವವರಿಗೆ ಇಂಥದ್ದು ಕಡಿಮೆ, ಅಷ್ಟೇ.

ವರ್ಷಕ್ಕೆ ಒಂದೆರಡು ಸಲವಾದರೂ ಎದುರಾಬದುರು ಕೂತುಕೊಳ್ಳಿ. ಅಕ್ಟೋಬರ್ ರಜೆಯಲ್ಲಿ ಮಳೆ ಕಡಿಮೆಯಾಗಿರುತ್ತದೆ. ಕರಾವಳಿಯವರು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರಲಿ, ಮುಂದಿನ ಸಲ ನೀವು ಕುಮಟೆಗೆ ಇಳಿಯಿರಿ. ಒಮ್ಮೆ ಜೊತೆಗೆ ಕೂತು ಊಟ ಮಾಡಿದವರ ಮುಂದೆ ಕಷ್ಟ ಹೇಳಿಕೊಳ್ಳಲು ಹಿಂಜರಿಕೆ ಇರುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಅತಿಥಿ ಶಿಕ್ಷಕರನ್ನು ಬಿಡಬೇಡಿ. ಎಷ್ಟೋ ಸಣ್ಣ ಶಾಲೆಗಳಲ್ಲಿ ಅಕ್ಷರ ಕಲಿಸುತ್ತಿರುವವರು ಅವರೇ. ತರಬೇತಿಗೆ ಅವರನ್ನು ಕರೆಯುವುದು ಕಡಿಮೆ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ. ಕಷ್ಟ ಹೇಳಿಕೊಂಡರೆ ಕೆಲಸಕ್ಕೇ ಕುತ್ತು ಎಂಬ ಭಯ ನಿಮಗಿಂತ ಅವರಿಗೆ ಜಾಸ್ತಿ. ಹತ್ತು ಜನರಲ್ಲಿ ಮೂವರಾದರೂ ಅವರಿರಲಿ. ಬೇರೆ ಶಾಲೆಗೆ ಹೋದರೂ, ನಿಮಗೆ ವರ್ಗಾವಣೆ ಆದರೂ, ಯಾರೂ ಬಳಗ ಬಿಡಬೇಕಾಗಿಲ್ಲ.

ಮೊದಲ ಸಂದೇಶವನ್ನು ನೀವೇ ಹಾಕಿ. ಸ್ವಾಗತ, ಉದ್ದೇಶ, ನಿಯಮಗಳ ಪಟ್ಟಿ ಬೇಡ. ನಾಳೆ ನಿಮ್ಮ ತರಗತಿಯಲ್ಲಿ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಸಾಲು ಓದಿಸಿ, ಅದು ಎಲ್ಲಿ ತಡವರಿಸಿತೋ ಆ ಪದವನ್ನು ಬರೆಯಿರಿ. 'ಈ ಪದವನ್ನು ಹೀಗೆ ಓದಿದ. ನಾನು ಇಷ್ಟು ಮಾಡಿ ನೋಡಿದೆ, ಆಗಲಿಲ್ಲ. ನಿಮ್ಮಲ್ಲಿ ಯಾರ ಮಕ್ಕಳಾದರೂ ಹೀಗೆ ಓದುತ್ತಾರಾ? ನೀವು ಏನು ಮಾಡುತ್ತೀರಿ?' ಎಂದು ಕೇಳಿ.